ಎಡಗಡೆಯ ಚಕ್ರ

ಬೀಗ ಹಾಕಿದ ಶೆಡ್ಡಿನೊಳಗೆ, ತಿಂಗಳುಗಟ್ಟಲೆ ಎಲ್ಲಿಗೂ ಹೋಗದೆ ನಿಂತ ಟ್ರೇಲರಿನ ಚಕ್ರ ಬೆಚ್ಚಗಿರುವುದಕ್ಕೆ ಕಾರಣವೇ ಇಲ್ಲ. ಇಷ್ಟು ಅವಳಿಗೂ ಗೊತ್ತಿತ್ತು. ಆದರೂ ಬೆಳಿಗ್ಗೆ ಎದ್ದು ಮುಖವನ್ನೂ ತೊಳೆಯದೆ ಶೆಡ್ಡಿಗೆ ಬಂದು, ಎಡಗಡೆಯ ಚಕ್ರದ ನಡುವೆ ಕೂತ ತಗಡಿನ ಮುಚ್ಚಳದ ಮೇಲೆ ಬೆರಳಿಟ್ಟಾಗ ಅದು ಬೆಚ್ಚಗಿತ್ತು. ಬಿಸಿಯೇನಲ್ಲ. ಯಾರೋ ಈಗಷ್ಟೇ ಎದ್ದು ಹೋದ ಕುರ್ಚಿ ಇರುತ್ತದಲ್ಲ, ಹಾಗೆ. ಅಂಗೈಯಷ್ಟು ಅಗಲದ ಬಿಸುಪು. ಬಲಗಡೆಯದನ್ನು ಮುಟ್ಟಿ ನೋಡಿದಳು. ಅದು ಕಬ್ಬಿಣ ಇರಬೇಕಾದ ಹಾಗೆ ತಣ್ಣಗಿತ್ತು.

ನನಗೇನಾದರೂ ತಲೆ ಕೆಟ್ಟಿದೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಬೇರೆ ಯಾರನ್ನೂ ಕೇಳುವ ಹಾಗಿರಲಿಲ್ಲ. ಒಂದು ದಿನವೂ ತಪ್ಪದೆ ದಿನಚರಿ ಬರೆಯುವವಳು ಅಂದು ‘ಮೋಡ ಕವಿದಿತ್ತು, ಬ್ರೇಕ್ ಶೂ ಉಜ್ಜಿದೆ’ ಎಂದಷ್ಟೇ ಬರೆದು ಪೆನ್ನು ಮುಚ್ಚಿದಳು. ಬರೆದರೆ ನಿಜವಾಗಿಬಿಡುತ್ತದೆ ಎನ್ನುವ ಭಯ ಒಂದು ಕಡೆ. ಬರೆದದ್ದು ಗೊತ್ತಾಗಿ ಬಂದವರು ಬರುವುದನ್ನೇ ನಿಲ್ಲಿಸಿಬಿಟ್ಟರೆ ಎನ್ನುವ ಭಯ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಎಂದು ಅವಳಿಗೆ ಒಳಗೊಳಗೇ ಗೊತ್ತಿತ್ತು.

ಅವಳು ಮಾತಿಗೆ ಬಡವಿ. ಡಿಗ್ರಿ ಮುಗಿಸಿದ್ದಳು, ಅಂಕಗಳು ಕೇಳಿದವರು ಹುಬ್ಬೇರಿಸುವ ಹಾಗಿದ್ದವು. ಆದರೆ ಕೆಲಸದ ಸಂದರ್ಶನದಲ್ಲಿ ಮೇಜಿನಾಚೆ ಕೂತವರು ನಿಮ್ಮ ಬಗ್ಗೆ ಸ್ವಲ್ಪ ಹೇಳಿ ಎಂದರೆ ಸಾಕು, ಅವಳಿಗೆ ತನ್ನ ಬಗ್ಗೆ ಇರುವ ವಿಷಯವೆಲ್ಲ ಆವಿಯಾಗಿ ಹೋಗುತ್ತಿತ್ತು. ಮನೆಯಲ್ಲಿ ಯಾರು ಏನು ಕೇಳಿದರೂ ಅವಳ ಉತ್ತರ ಒಂದೇ: ಏನಿಲ್ಲ. ಊಟ ಬೇಕಾ? ಏನಿಲ್ಲ. ಜ್ವರವಾ? ಏನಿಲ್ಲ. ಚಿಕ್ಕಪ್ಪ ಅವಳನ್ನು ಗುಮ್ಮನಗುಸುಕಿ ಎಂದು ಕರೆಯುತ್ತಿದ್ದ. ಆಮೇಲೆ, ಗುಮ್ಮನನ್ನು ಶೆಡ್ಡಿನಿಂದ ಆಚೆ ಹಾಕಿದ್ದೀನಿ, ಇನ್ನು ನೀನು ಬರೀ ಗುಸುಕಿ ಎಂದು ಹೆಸರನ್ನು ಅರ್ಧಕ್ಕೆ ಕತ್ತರಿಸಿದ.

ಆ ಚಿಕ್ಕಪ್ಪನದೇ ಶೆಡ್ಡು, ಅವನದೇ ಟ್ರೇಲರು. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಜೀಪಿನ ಹಿಂದೆ ಎಳೆದು ತರಲೆಂದು ಅವನೇ ಕಬ್ಬಿಣ ಕತ್ತರಿಸಿ, ವೆಲ್ಡಿಂಗ್ ಮಾಡಿ ಕಟ್ಟಿದ್ದ. ಶೆಡ್ಡಿನ ಇನ್ನರ್ಧವನ್ನು ಒಂದು ಹಳೇ ಕಾರು ಆಕ್ರಮಿಸಿತ್ತು. ಗುಜರಿಯವನ ಅಂಗಳದಲ್ಲಿ ತುಕ್ಕು ತಿನ್ನುತ್ತಿದ್ದುದನ್ನು ಬಿಡಿಸಿ ತಂದು, ವರ್ಷಗಟ್ಟಲೆ ಅದರ ತಗಡು ತಟ್ಟಿ, ತೂತು ಮುಚ್ಚಿ, ಎಂಜಿನ್ ಇಳಿಸಿ ಏರಿಸಿ ಅವನು ಮದುವೆಗೆ ಹೆಣ್ಣು ಸಿದ್ಧ ಮಾಡಿದ ಹಾಗೆ ಮಾಡುತ್ತಿದ್ದ. ಚಿಕ್ಕಮ್ಮ ಆ ಕಾರನ್ನು ಸವತಿ ಎಂದೇ ಕರೆಯುವುದು. ಅಡುಗೆಮನೆಯ ಕಿಟಕಿಯಿಂದ ಕೂಗಿ, ಸವತಿಯ ಸ್ನಾನ ಆಗಿದ್ದರೆ ನಮಗೂ ಒಂದು ಬಕೆಟ್ ನೀರು ಬಿಡಬಹುದಾ ಎಂದು ಕೇಳುತ್ತಿದ್ದಳು.

ಚಿಕ್ಕಮ್ಮನದು ಬೇರೆಯೇ ಗಂಟಲು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಡುವವಳು; ಊರಿನ ಅರ್ಧ ಜನ ಗಾಡಿಯನ್ನು ಹಿಂದಕ್ಕೆ ತೆಗೆಯಲು ಕಲಿತದ್ದು ಅವಳ ಬೈಗುಳದಿಂದ. ಕ್ಲಚ್ ಬಿಡು ಅಂದರೆ ಜೀವ ಬಿಡೋ ಹಾಗೆ ಯಾಕಪ್ಪಾ ನೋಡ್ತೀಯ ಎಂದು ಅವಳು ಒಬ್ಬ ಬ್ಯಾಂಕ್ ಮ್ಯಾನೇಜರನ್ನು ಕೇಳಿದ್ದು ಊರಿಗೆಲ್ಲ ಹಬ್ಬಿತ್ತು. ಅಂಥ ಚಿಕ್ಕಮ್ಮ ಈಗ ಮನೆಯಲ್ಲಿ ಟ್ಯೂಬ್‌ಲೈಟಿನ ಗುಯ್‌ಗುಡುವಿಕೆ ಕೇಳಿಸುವಷ್ಟು ಸುಮ್ಮನಿದ್ದಳು. ಅವಳ ಜೊತೆಗಿರಲಿ ಎಂದು ಅಮ್ಮ ಇವಳನ್ನು ಕಳಿಸಿದ್ದು. ಮಾತಾಡದವಳನ್ನು ಮಾತು ನಿಂತವಳ ಜೊತೆಗೆ.

ಚಿಕ್ಕಪ್ಪ ಹೋದದ್ದು ಹೀಗೆ. ಕಾರಿನ ತಗಡಿನ ಕೆಲಸ ಮುಗಿದು, ಬಣ್ಣ ಹೊಡೆಯುವವನ ಹತ್ತಿರ ಒಯ್ಯಬೇಕಿತ್ತು. ಅವನ ಅಂಗಡಿ ಇಳಿಜಾರಿನಾಚೆಯ ಊರಿನಲ್ಲಿ. ಟ್ರೇಲರ್ ಹೊರಡುವ ಮುಂಚೆ ಒಂದು ಕ್ರಮವಿತ್ತು. ಜ್ಯಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿ, ಮೇಲೊಂದು ಕೆಳಗೊಂದು ಕೈ ಹಾಕಿ ಅಲ್ಲಾಡಿಸಿ ನೋಡಬೇಕು. ಒಳಗೆ ಟಕ್ ಎಂದರೆ ಬೇರಿಂಗ್ ಸಡಿಲ ಎಂದರ್ಥ. ಚಿಕ್ಕಪ್ಪನ ಹೊಟ್ಟೆ ಬಗ್ಗಲು ಬಿಡುತ್ತಿರಲಿಲ್ಲವಾದ್ದರಿಂದ ಆ ಕೆಲಸ ಮೊದಲಿನಿಂದಲೂ ಚಿಕ್ಕಮ್ಮನದು. ಅವತ್ತೂ ಅವಳೇ ಎರಡೂ ಚಕ್ರ ಅಲ್ಲಾಡಿಸಿದಳು, ಗಟ್ಟಿಯಿದೆ ಹೊರಡು ಎಂದಳು. ಇಳಿಜಾರು ಶುರುವಾಗುವ ಕಡೆಯಿಂದ ಅವನ ಫೋನು ಬಂತು. ಎಡಗಡೆ ಚಕ್ರ ಯಾಕೋ ಅಲ್ಲಾಡ್ತಾ ಇದೆ, ನಿಲ್ಲಿಸಿ ನೋಡ್ತೀನಿ, ನೀನು ಊಟ ಮಾಡಿರು ಎಂದ. ದನಿ ಸಾವಕಾಶವಾಗಿತ್ತಂತೆ. ಆಮೇಲೆ ಒಬ್ಬ ಲಾರಿಯವ ಅವನನ್ನು ಕಂಡದ್ದು: ಟೈರಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಒಂದು ಕೈ ಮೇಲೆತ್ತಿ ಚಕ್ರದ ಮುಚ್ಚಳದ ಮೇಲಿಟ್ಟು ಕೂತಿದ್ದ. ದಣಿದು ಕೂತವನ ಹಾಗೇ ಇದ್ದನಂತೆ.

ಡಾಕ್ಟರು ಹೃದಯಾಘಾತ ಎಂದರು. ಚಿಕ್ಕಮ್ಮ ಅದನ್ನು ಪಕ್ಕದ ಮನೆಯವರ ಸುದ್ದಿಯಂತೆ ಕೇಳಿಸಿಕೊಂಡಳು. ಅವಳ ಲೆಕ್ಕ ಬೇರೆ. ಚಕ್ರ ಅಲ್ಲಾಡದಿದ್ದರೆ ಅವನು ಇಳಿಯುತ್ತಿರಲಿಲ್ಲ. ಇಳಿಯದಿದ್ದರೆ ಆ ಬಿಸಿಲಲ್ಲಿ ಬಗ್ಗಿ ತಿಣುಕುತ್ತಿರಲಿಲ್ಲ. ಕೆಳಗಿನ ಊರು ಸೇರಿದ್ದರೆ ಅಲ್ಲಿ ಆಸ್ಪತ್ರೆಯಿತ್ತು. ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು.

“ಕೈ ಹಾಕಿ ನೋಡಿದೋಳು ನಾನು. ಗಟ್ಟಿಯಿದೆ ಅಂದೋಳು ನಾನು.”

ಅಲ್ಲಿಂದ ಅವಳು ಶೆಡ್ಡಿನೊಳಗೆ ಕಾಲಿಟ್ಟಿರಲಿಲ್ಲ. ಟ್ರೇಲರನ್ನೂ ಅದರ ಮೇಲಿದ್ದ ಕಾರನ್ನೂ ಯಾರೋ ಎಳೆದು ತಂದು ಬಿಟ್ಟು, ಕಾರನ್ನು ಅದರ ಜಾಗಕ್ಕೆ ತಳ್ಳಿ, ಬಾಗಿಲೆಳೆದುಕೊಂಡು ಹೋದರು. ಬೀಗದ ಕೈ ಅಡುಗೆಮನೆಯ ಮೊಳೆಗೆ ಬಿತ್ತು. ಒಂದು ದಿನ ಚಿಕ್ಕಮ್ಮ ತಟ್ಟೆಯ ಮೇಲಿನ ಕಣ್ಣು ಎತ್ತದೆ, ಸವತಿಗೆ ಬಣ್ಣ ಹೊಡೆಸಬೇಕು ಎಂದಳು. ಅವನ ಕೆಲಸ ಅರ್ಧಕ್ಕೆ ನಿಂತರೆ ಅವನಿಗೆ ನೆಮ್ಮದಿಯಿರುವುದಿಲ್ಲ. ನಾನೇ ಎಳ್ಕೊಂಡು ಹೋಗ್ತೀನಿ. ನೀನು ಚಕ್ರ, ಬ್ರೇಕು ಬಿಚ್ಚಿ ನೋಡು, ರಜೆಯಲ್ಲೆಲ್ಲ ಅವನ ಪಕ್ಕ ಕೂತು ಕಲಿತಿದೀಯಲ್ಲ. ಇವಳು ಎಂದಿನಂತೆ ತಲೆಯಾಡಿಸಿದಳು.

ಮೊದಲು ಎಡಗಡೆಯದನ್ನೇ ಎತ್ತಿದಳು. ಜ್ಯಾಕ್ ಕೊಟ್ಟು, ಮೇಲೆ ಕೆಳಗೆ ಕೈ ಹಾಕಿ ಅಲ್ಲಾಡಿಸಿದಳು. ಟಕ್ ಎನ್ನಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದಳು. ಚಕ್ರವನ್ನು ತಿರುಗಿಸಿದರೆ ಅದು ಬೆಣ್ಣೆಯಲ್ಲಿ ತಿರುಗಿದ ಹಾಗೆ ಸದ್ದಿಲ್ಲದೆ ತಿರುಗಿ, ತಾನಾಗಿಯೇ ನಿಧಾನವಾಗಿ ನಿಂತಿತು. ಮುಚ್ಚಳ ತೆಗೆದಳು. ಒಳಗೆ ಆಕ್ಸಲಿನ ತುದಿ, ಅದಕ್ಕೆ ನಟ್ಟು, ನಟ್ಟು ಬಿಚ್ಚಿಕೊಳ್ಳದ ಹಾಗೆ ತಡೆಯುವ ಸ್ಪ್ಲಿಟ್ ಪಿನ್ನು. ಪಿನ್ನಿನ ಒಂದು ಕಾಲನ್ನು ಆಕ್ಸಲಿನ ತುದಿಯ ಮೇಲೆ ಮಡಚಿ, ಇನ್ನೊಂದನ್ನು ನಟ್ಟಿನ ಸೊಂಟಕ್ಕೆ ಸುತ್ತಲಾಗಿತ್ತು. ಆ ಥರ ಮಡಚುವುದು ಬೇರೆ ಯಾವ ಗ್ಯಾರೇಜಿನಲ್ಲೂ ಇಲ್ಲ. ಎಲ್ಲರೂ ಎರಡೂ ಕಾಲನ್ನು ಅತ್ತಿತ್ತ ಅಗಲಿಸಿ ಬಿಡುತ್ತಾರೆ. ನಟ್ಟಿನಿಂದ ಆಕ್ಸಲಿನ ಮೇಲಕ್ಕೆ ಹಾಯುವಂತೆ ಚಿಕ್ಕಪ್ಪ ಒಂದು ಕೆಂಪು ಬಣ್ಣದ ಗೆರೆಯನ್ನೂ ಎಳೆದಿರುತ್ತಿದ್ದ. ನಟ್ಟು ಕೂದಲೆಳೆಯಷ್ಟು ಸರಿದರೂ ಗೆರೆ ಮುರಿಯುತ್ತದೆ.

ಗೆರೆ ಮುರಿದಿರಲಿಲ್ಲ. ನೇರವಾಗಿ, ನಿನ್ನೆ ಎಳೆದ ಹಾಗಿತ್ತು. ಒಳಗಿನ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದಳು. ಉರುಳೆಗಳ ಮೇಲೆ ಒಂದು ಚುಕ್ಕೆ ಕಲೆಯಿಲ್ಲ, ಸುಟ್ಟ ನೀಲಿ ಬಣ್ಣವಿಲ್ಲ. ಬ್ರೇಕಿನ ಡ್ರಮ್ಮಿನೊಳಗೆ ಒಣ ಧೂಳು ಬಿಟ್ಟರೆ ಏನೂ ಇಲ್ಲ.

ಬೇರಿಂಗನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಳು. ಚಕ್ರ ಅಲ್ಲಾಡಿರಲೇ ಇಲ್ಲ. ಚಿಕ್ಕಪ್ಪ ಅದನ್ನು ಬಿಚ್ಚಿಯೂ ಇರಲಿಲ್ಲ. ಜೀವಮಾನವಿಡೀ ಗಾಡಿಗಳ ಸದ್ದು ಕೇಳಿ ಕಾಯಿಲೆ ಹೇಳಿದವನಿಗೆ ಒಳ್ಳೆಯ ಚಕ್ರ ಕೆಟ್ಟಂತೆ ಕೇಳಿಸಿರಲು ಸಾಧ್ಯವಿಲ್ಲ. ಎದೆ ಹಿಡಿದುಕೊಂಡಿದೆ, ಆದರೆ ಮನೆಯಲ್ಲಿರುವವಳಿಗೆ ಹೇಳಿದರೆ ಗಾಬರಿಯಾಗುತ್ತಾಳೆ. ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತದೆ. ಏನು ಹೇಳಲಿ ಎಂದು ನೋಡಿದಾಗ ಬಾಯಿಗೆ ಸಿಕ್ಕಿದ್ದು ಚಕ್ರ. ಅವನೂ ತನ್ನ ಹಾಗೆಯೇ ಏನಿಲ್ಲ ಅಂದಿದ್ದ, ಅಷ್ಟೇ.

ಹೊಸ್ತಿಲಿನಾಚೆ ಟೀ ಲೋಟ ಹಿಡಿದು ನಿಂತ ಚಿಕ್ಕಮ್ಮ ಒಳಗೆ ಕಾಲಿಡದೆಯೇ, ಹೇಗಿದೆ ಎಂದು ಕೇಳಿದಳು. ಇವಳಿಗೆ ಬಾಯಿಯ ತನಕ ಬಂತು. ಆದರೆ ಚಿಕ್ಕಮ್ಮನ ಮುಖದಲ್ಲಿ ಆ ಚಕ್ರದ ಮೇಲಿನ ದ್ವೇಷವೊಂದೇ ಜೀವಂತವಾಗಿ ಉಳಿದ ಹಾಗೆ ಕಂಡಿತು. ಅದನ್ನೂ ಕಿತ್ತುಕೊಂಡು ಬದಲಿಗೆ ಕೊಡುವುದೇನು? ಕೊನೆಯ ಸಲ ಅವನು ನಿನಗೆ ಸುಳ್ಳು ಹೇಳಿದ ಎಂದೇ? ಸರಿ ಮಾಡ್ತೀನಿ ಎಂದಳು. ಸರಿ ಮಾಡಲು ಅಲ್ಲಿ ಏನೂ ಇರಲಿಲ್ಲ.

ಆದರೂ ಕ್ರಮ ಎಂದರೆ ಕ್ರಮ. ಅಂಗೈಯಲ್ಲಿ ಹೊಸ ಗ್ರೀಸ್ ಗುಡ್ಡೆ ಮಾಡಿ, ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಆಚೆ ಬದಿಯಿಂದ ಹುಳುವಿನಂತೆ ಹೊರಬರುವ ತನಕ ತುಂಬಿದಳು. ಹೊಸ ಸೀಲು ಕೂರಿಸಿದಳು. ಚಕ್ರ ತಿರುಗಿಸುತ್ತಲೇ ಪಾನಾದಿಂದ ನಟ್ಟನ್ನು ಬಿಗಿ ಮಾಡಿ, ಉರುಳೆಗಳು ಕೂತವು ಎಂದಾದ ಮೇಲೆ ಬಿಚ್ಚಿ, ಮತ್ತೆ ಬರೀ ಬೆರಳಿನಿಂದ ತಿರುಗಿಸಿ ನಿಲ್ಲಿಸಿದಳು. ಇಲ್ಲಿ ಚಿಕ್ಕಪ್ಪನ ದನಿ ಯಾವಾಗಲೂ ಕಿವಿಯ ಹಿಂದೆಯೇ ಇರುತ್ತಿತ್ತು. “ಪಾನಾ ಕೆಳಗಿಡು ಗುಸುಕಿ. ಕೈಲಿದ್ರೆ ಇನ್ನೊಂಚೂರು ಅನ್ಸುತ್ತೆ. ಬೇರಿಂಗನ್ನ ಸುಡೋದೇ ಆ ಇನ್ನೊಂಚೂರು.” ಹೊಸ ಪಿನ್ನು ಹಾಕಿ, ಎಲ್ಲರ ಹಾಗೆ ಎರಡೂ ಕಾಲು ಅಗಲಿಸಿ, ಮುಚ್ಚಳ ತಟ್ಟಿದಳು.

ಮಾರನೆಯ ಬೆಳಿಗ್ಗೆಯೇ ಆ ಬೆಚ್ಚಗಿನ ಮುಚ್ಚಳ.

ಅದರ ಮಾರನೆಯ ದಿನವೂ ಬೆಚ್ಚಗಿದ್ದಾಗ ಅವಳು ತಡೆಯಲಾರದೆ ಮುಚ್ಚಳ ತೆಗೆದಳು. ತಾನು ಹಾಕಿದ ಪಿನ್ನು ಇರಲಿಲ್ಲ. ಬೇರೆ ಪಿನ್ನು ಇತ್ತು, ಒಂದು ಕಾಲು ಆಕ್ಸಲಿನ ಮೇಲೆ, ಇನ್ನೊಂದು ನಟ್ಟಿನ ಸೊಂಟಕ್ಕೆ. ಚಿಕ್ಕಪ್ಪನ ಮಡಿಕೆ. ಬಾಗಿಲ ಕಡೆ ನೋಡಿದಳು, ಮೊಳೆಗೆ ನೇತುಹಾಕಿದ್ದ ಅವನ ಕೆಲಸದ ಅಂಗಿಯ ಕಡೆ ನೋಡಿದಳು. ಅಂಗಿಯ ತೋಳು ಮೊಣಕೈ ತನಕ ಮಡಚಿತ್ತು. ನಿನ್ನೆಯೂ ಹಾಗೇ ಇತ್ತೇ? ನೆನಪಾಗಲಿಲ್ಲ.

ನಟ್ಟು ಬೆರಳಿಗೆ ಜಗ್ಗದಷ್ಟು ಬಿಗಿಯಾಗಿತ್ತು. ಅವಳು ಅದನ್ನು ಸಡಿಲಿಸಿದಳು. ಪಿನ್ನನ್ನು ಮಾತ್ರ ಈ ಸಲ ತನ್ನ ರೀತಿಯಲ್ಲಿ ಹಾಕಲು ಧೈರ್ಯ ಬರಲಿಲ್ಲ, ಅವನಿಗೆ ಬೇಜಾರಾದೀತು. ಇಕ್ಕಳದಿಂದ ಅವನ ಮಡಿಕೆಯನ್ನೇ ಮಾಡಲು ನೋಡಿದಳು. ಸೊಟ್ಟಗೆ, ದಪ್ಪಗೆ ಬಂತು.

ಹೀಗೆ ಶುರುವಾಯಿತು. ಹಗಲು ಅವಳು ಕಾರಿನ ಬಾಗಿಲಂಚಿನ ರಬ್ಬರ್ ಬೀಡಿಂಗ್ ಕೀಳುತ್ತಲೋ, ಟ್ರೇಲರಿನ ಬ್ರೇಕ್ ಕೇಬಲ್ಲಿಗೆ ಎಣ್ಣೆ ಬಿಡುತ್ತಲೋ ಇದ್ದು, ಸಂಜೆ ಎಡಗಡೆಯ ನಟ್ಟನ್ನು ಸರಿಯಾಗಿ ಸಡಿಲಿಸಿ ಹೋಗುವಳು. ಬೆಳಿಗ್ಗೆ ಅದು ಬಿಗಿಯಾಗಿರುವುದು, ಮುಚ್ಚಳ ಬೆಚ್ಚಗಿರುವುದು. ಪೆಪ್ಪರ್‌ಮಿಂಟಿನ ಡಬ್ಬಿಯಲ್ಲಿದ್ದ ಪಿನ್ನುಗಳು ಕರಗುತ್ತಾ ಬಂದವು. ಅವಳಿಗೆ ಹೆದರಿಕೆಯಾಗುತ್ತಿತ್ತು, ಹೌದು. ತಗಡಿನ ಛಾವಣಿ ಬಿಸಿಲಿಗೆ ಪಟ್ ಎಂದರೂ ಬಾಗಿಲ ಕಡೆ ತಿರುಗಿ ನೋಡುತ್ತಿದ್ದಳು. ಆದರೆ ಬೆಳಿಗ್ಗೆ ಏಳಲು ಅವಳಿಗೆ ಹಿಂದೆಂದೂ ಇಷ್ಟು ಆತುರವಿರಲಿಲ್ಲ. ಮನುಷ್ಯರ ಜೊತೆ ಬಾರದ ಮಾತು ಇಲ್ಲಿ ಬೇಕಾಗಿರಲಿಲ್ಲ. ಅವಳು ಒರೆಸುವ ಬಟ್ಟೆಯನ್ನು ಮಡಚಿ ಮಡ್‌ಗಾರ್ಡಿನ ಮೇಲಿಟ್ಟು ಹೋಗುವಳು. ಬೆಳಿಗ್ಗೆ ಅದು ಗ್ರೀಸಾಗಿ, ಇನ್ನೊಂದು ಕಡೆ ಮಡಚಿ ಇರುವುದು. ಅಷ್ಟು ಸಂಭಾಷಣೆ ಸಾಕಾಗಿತ್ತು. ಎಲ್ಲರೂ ಚಿಕ್ಕಮ್ಮನ ದುಃಖ ಕೇಳಲು ಬಂದಿದ್ದರು. ಮಾತಾಡದ ಹುಡುಗಿಯ ಪಕ್ಕ ಕೂತು ಮಾತಾಡದೆಯೇ ಗಂಟೆಗಟ್ಟಲೆ ಕಳೆದವನು ಅವನೊಬ್ಬನೇ ಎಂದು ಯಾರಿಗೂ ಹೊಳೆದಿರಲಿಲ್ಲ.

ಒಂದೇ ಒಂದು ವಿಷಯ ಮಾತ್ರ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಚಿಕ್ಕಪ್ಪ ಯಾಕೆ ಬಿಗಿ ಮಾಡುತ್ತಾನೆ? ಅಷ್ಟು ಬಿಗಿಯಲ್ಲಿ ಗಾಡಿ ಓಡಿದರೆ ಗ್ರೀಸ್ ಕರಗಿ, ಬೇರಿಂಗ್ ಕಚ್ಚಿಕೊಂಡು, ಇಳಿಜಾರಿನಲ್ಲಿ ಚಕ್ರವೇ ಕಿತ್ತು ಹೋಗಬಹುದು. ಅದನ್ನು ಅವಳಿಗೆ ಕಲಿಸಿದವನು ಅವನೇ. ಸತ್ತ ಮೇಲೆ ಮನುಷ್ಯ ಮನೆಮಠ ಮರೆಯಬಹುದು, ಹೆಂಡತಿಯ ಹೆಸರೂ ಮರೆಯಬಹುದು. ಚಿಕ್ಕಪ್ಪ ಬೇರಿಂಗ್ ಮರೆಯುತ್ತಾನೆಯೇ? ದೆವ್ವವಾದರೂ ಕೆಲಸ ಬಲ್ಲ ದೆವ್ವವಾಗಿರಬೇಕಲ್ಲ.

ಈ ಅನುಮಾನವೇ ಅವಳನ್ನು ಒಂದು ದಿನ ಬೇಗ ಎಬ್ಬಿಸಿತು. ಬೆಳಕು ಹರಿದು ಅಂಗಳದ ತಂತಿಯ ಮೇಲಿನ ಬಟ್ಟೆಗಳಿಗೆ ಬಣ್ಣ ಬರುತ್ತಿತ್ತು. ಶೆಡ್ಡಿನ ಬಾಗಿಲು ಒಂದು ಗೇಣು ತೆರೆದಿತ್ತು.

ಚಿಕ್ಕಮ್ಮ ನೆಲದ ಮೇಲೆ ಕೂತಿದ್ದಳು. ಅವನ ಅಂಗಿ ತೊಟ್ಟು ತೋಳು ಮಡಚಿದ್ದಳು. ಎತ್ತಿ ನಿಲ್ಲಿಸಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕಿವಿಯಿಟ್ಟು ಕೇಳಿ, ಪಾನಾ ಹಾಕಿ ಎಳೆದಳು. ಇನ್ನೊಂಚೂರು ಎಂದಳು. ಇನ್ನೊಮ್ಮೆ ಎಳೆದಳು. ಆಮೇಲೆ ಇಕ್ಕಳ ತೆಗೆದುಕೊಂಡು, ಕಣ್ಣು ಕೂಡ ಅತ್ತ ಹಾಯಿಸದೆ, ಪಿನ್ನಿನ ಒಂದು ಕಾಲನ್ನು ಮೇಲಕ್ಕೂ ಇನ್ನೊಂದನ್ನು ಸೊಂಟಕ್ಕೂ ಸರಕ್ಕನೆ ಮಡಚಿದಳು. ಸಾವಿರ ಸಲ ಮಾಡಿದ ಕೈ. ಆಗ ಇವಳಿಗೆ ಅರ್ಥವಾಯಿತು: ಆ ಮಡಿಕೆ ಚಿಕ್ಕಪ್ಪನದಾಗಿರಲೇ ಇಲ್ಲ. ಅವನ ದಪ್ಪ ಬೆರಳಿಗೆ ಪಿನ್ನು ಸಿಗದೆ, ಯಾವತ್ತೂ ಮಡಚುತ್ತಿದ್ದವಳು ಚಿಕ್ಕಮ್ಮನೇ. ಚಿಕ್ಕಮ್ಮ ಮುಚ್ಚಳ ಹಾಕಿ, ಟೈರಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಒಂದು ಕೈ ಮೇಲೆತ್ತಿ ಮುಚ್ಚಳದ ಮೇಲಿಟ್ಟಳು. ಹಾಗೇ ಕೂತಳು.

ಇವಳು ಸದ್ದಾಗದಂತೆ ಹಿಂದೆ ಸರಿದು, ಕೋಣೆಗೆ ಹೋಗಿ, ದಿಂಬಿನಲ್ಲಿ ಮುಖ ಹುದುಗಿಸಿದಳು. ಚಿಕ್ಕಪ್ಪ ಹೋದಾಗ ಬಾರದ ಅಳು ಅವತ್ತು ಬಂತು. ಅವನು ಬಂದಿರಲಿಲ್ಲ. ಒಂದು ಬೆಳಿಗ್ಗೆಯೂ ಬಂದಿರಲಿಲ್ಲ.

ತಿಂಡಿಯ ಹೊತ್ತಿಗೆ ಹೇಳಬೇಕೆಂದುಕೊಂಡಳು. ಚಿಕ್ಕಮ್ಮ ಉಪ್ಪು ಸಾಕಾ ಎಂದಳು, ಇವಳು ಸಾಕು ಎಂದಳು. ಸಂಜೆ ಹೇಳಬೇಕೆಂದುಕೊಂಡಳು. ಹೇಳುವ ಬದಲು ಹೋಗಿ ನಟ್ಟು ಸಡಿಲಿಸಿ ಬಂದಳು, ಮಡಿಕೆಯನ್ನು ಸೊಟ್ಟಗೇ ಮಾಡಿ. ಹೇಳದೆಯೇ ನಡೆದುಹೋಗುವುದಾದರೆ ಹೇಳುವುದೇಕೆ ಎನ್ನುವುದು ಅವಳ ಹುಟ್ಟುಗುಣ. ಹೊರಡುವ ದಿನ ಬೆಳಿಗ್ಗೆ ತಾನೇ ಮೊದಲು ಎದ್ದು ಕೊನೆಯ ಸಲ ಸಡಿಲಿಸಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದಳು.

ಹೊರಡುವ ದಿನ ಚಿಕ್ಕಮ್ಮ ಮಲಗಿಯೇ ಇರಲಿಲ್ಲವೋ ಏನೋ. ಇವಳು ಎದ್ದು ಬರುವಷ್ಟರಲ್ಲಿ ಕಾರು ಟ್ರೇಲರಿನ ಮೇಲೇರಿ, ಬೆಲ್ಟು ಬಿಗಿದು, ಜೀಪಿಗೆ ಕೊಂಡಿ ಬಿದ್ದಿತ್ತು. ಪಕ್ಕದ ಮನೆಯವರಿಬ್ಬರು ತಳ್ಳಿಕೊಟ್ಟು ಕೈ ಒರೆಸಿಕೊಳ್ಳುತ್ತಿದ್ದರು. ಅವರ ಮುಂದೆ ಚಕ್ರ ಬಿಚ್ಚುತ್ತೇನೆ ಎನ್ನುವ ಮಾತು ಇವಳ ಗಂಟಲಿನಲ್ಲೇ ಉಳಿಯಿತು. ಚಿಕ್ಕಮ್ಮ ಬಹಳ ದಿನಗಳ ಮೇಲೆ ಒಂದು ತಮಾಷೆ ಮಾಡಿದಳು. ಸವತಿ ಹಿಂದೆ ರಾಣಿಯ ಹಾಗೆ ಕೂತಿದಾಳೆ, ಎಳೆಯೋ ಕತ್ತೆ ಮಾತ್ರ ನಾನು ಎಂದಳು. ಅಂಗಿ ಅವನದೇ ಇತ್ತು.

ದಾರಿಯುದ್ದಕ್ಕೂ ಇವಳು ಕಿಟಕಿಯ ಕನ್ನಡಿಯಲ್ಲಿ ಎಡಗಡೆಯ ಚಕ್ರವನ್ನೇ ನೋಡಿದಳು. ಹೊರನೋಟಕ್ಕೆ ಅದು ಎಲ್ಲ ಚಕ್ರಗಳ ಹಾಗೆ ತಿರುಗುತ್ತಿತ್ತು. ಗೋದಾಮುಗಳು ಮುಗಿದವು, ಪೆಟ್ರೋಲ್ ಬಂಕು ಹಿಂದೆ ಸರಿಯಿತು, ರಸ್ತೆ ಸಪಾಟಾಗಿ ಓಡಿ, ಇಳಿಜಾರಿನ ತಲೆಯಲ್ಲಿರುವ ಜಲ್ಲಿಯ ಜಾಗಕ್ಕೆ ಬಂತು. ಚಿಕ್ಕಮ್ಮ ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸಿದಳು. ಇಳಿಜಾರು ಇಳಿಯುವ ಮುಂಚೆ ಚಕ್ರ ಮುಟ್ಟಿ ನೋಡುವುದು ಕೂಡ ಕ್ರಮವೇ. ಆದರೆ ಅವಳು ನಿಲ್ಲಿಸಿದ್ದು ಯಾವ ಜಾಗ ಎಂದು ಇಬ್ಬರಿಗೂ ಗೊತ್ತಿತ್ತು. ರಸ್ತೆಯಂಚಿನ ಬಿಳಿ ಕಲ್ಲಿನ ಬುಡದಲ್ಲಿ ಒಣಗಿದ ಹುಲ್ಲು, ಯಾರೋ ಎಸೆದ ಬಾಟಲಿ. ಬೇರೆ ಗುರುತೇನೂ ಇರಲಿಲ್ಲ. ಗಾಳಿ ನಿಂತಿತ್ತು.

ಇವಳು ಇಳಿದು ಬಲಗಡೆಯ ಚಕ್ರಕ್ಕೆ ಕೈಯ ಹಿಂಬದಿ ತಾಗಿಸಿದಳು. ಉಗುರುಬೆಚ್ಚಗೆ, ಇರಬೇಕಾದಷ್ಟೇ. ಹಿಂದಿನಿಂದ ಸುತ್ತಿ ಎಡಗಡೆಗೆ ಬಂದಳು. ಮುಟ್ಟುವ ಮುಂಚೆಯೇ ವಾಸನೆ ಬಂತು, ಕಾದ ಗ್ರೀಸಿನದು. ಮುಚ್ಚಳದ ಅಂಚಿನಿಂದ ಕಪ್ಪು ಎಣ್ಣೆಯ ಒಂದು ಎಳೆ ಕೆಳಗಿಳಿದಿತ್ತು. ಬ್ರೇಕು ಕಚ್ಚಿದೆಯೇ ಎಂದು ಡ್ರಮ್ಮಿನ ಅಂಚು ಮುಟ್ಟಿದಳು. ಅಲ್ಲಿ ಅಷ್ಟು ಬಿಸಿಯಿಲ್ಲ. ಬಿಸಿಯೆಲ್ಲ ನಡುವಿನಿಂದಲೇ ಬರುತ್ತಿತ್ತು. ಕೈ ಇಡಲಾಗಲಿಲ್ಲ.

ಚಿಕ್ಕಮ್ಮ ಕಿಟಕಿಯಿಂದ ತಲೆ ಹಾಕಿ ಹೇಗಿದೆ ಎಂದಳು. ಇವಳ ಬಾಯಿ ಆಗಲೇ ಏನಿಲ್ಲ ಎನ್ನುವ ಆಕಾರ ತಾಳಿತ್ತು. ಅದನ್ನು ಮುಚ್ಚಿ ಸುಮ್ಮನೆ ನಿಂತಳು. ಸುಮ್ಮನೆ ನಿಂತದ್ದನ್ನು ನೋಡಿ ಚಿಕ್ಕಮ್ಮ ಇಳಿದು ಬಂದಳು, ಮುಚ್ಚಳದ ಮೇಲೆ ಅಂಗೈಯನ್ನೇ ಊರಿದಳು. ತೆಗೆಯಲಿಲ್ಲ. ಇವಳು ಮಣಿಕಟ್ಟು ಹಿಡಿದು ಎಳೆದ ಮೇಲೇ ಕೈ ಬಂದದ್ದು, ಕೆಂಪಗಾಗಿ.

“ಇಲ್ಲೇ ಇದಾನೆ,” ಎಂದಳು ಚಿಕ್ಕಮ್ಮ. ದನಿಯಲ್ಲಿ ಭಯವಿರಲಿಲ್ಲ. “ನಿಂಗೆ ಹೇಳಿದ್ರೆ ಹೆದರ್ತೀಯ ಅಂತ ಬಾಯಿ ಬಿಟ್ಟಿರ್ಲಿಲ್ಲ. ನಾನು ದಿನಾ ಬಿಗಿ ಮಾಡಿ ಬರ್ತೀನಿ ಕಣೇ. ಮಾರನೇ ದಿನ ನೋಡಿದ್ರೆ ಸಡಿಲ. ಪಿನ್ನು ಅವನು ಮಡಿಸೋ ಹಾಗೇ ಸೊಟ್ಟಗೆ. ನಾನು ಇಲ್ದಾಗ ಅವನು ಹಾಗೇ ಮಾಡ್ತಿದ್ದ. ಅವತ್ತು ನಾನು ಸರಿಯಾಗಿ ನೋಡ್ಲಿಲ್ಲ ಅಂತ ತೋರಿಸ್ತಾನೆ. ದಿನಾ ತೋರಿಸ್ತಾನೆ.”

ಇವಳಿಗೆ ಕಾಲ ಕೆಳಗಿನ ಜಲ್ಲಿ ಸರಿದ ಹಾಗಾಯಿತು. ಇಷ್ಟು ದಿನ ತನ್ನನ್ನು ಕಾಡಿದ ದೆವ್ವ ಚಿಕ್ಕಮ್ಮನಾದರೆ, ಚಿಕ್ಕಮ್ಮನನ್ನು ಕಾಡಿದ ದೆವ್ವ ತಾನೇ. ತನ್ನ ಬೆಚ್ಚಗಿನ ಗುಟ್ಟನ್ನು ತಾನು ಮುದ್ದು ಮಾಡಿಕೊಂಡು ಕೂತ ಬೆಳಿಗ್ಗೆಗಳಲ್ಲೆಲ್ಲ ಗೋಡೆಯಾಚೆ ಚಿಕ್ಕಮ್ಮ ಸುಡುತ್ತಿದ್ದಳು.

ಮಾತು ಬರಲಿಲ್ಲ, ಕೈ ಬಂತು. ಜೀಪಿನಿಂದ ಪೆಟ್ಟಿಗೆ ತಂದು, ಚಕ್ರಗಳಿಗೆ ಅಡ್ಡ ಕಲ್ಲಿಟ್ಟು, ಜ್ಯಾಕ್ ಕೊಟ್ಟಳು. ಬಿಸಿ ಆರಲೆಂದು ಕಾದಳು. ಆ ಹೊತ್ತಿನಲ್ಲಿ ಎರಡು ಲಾರಿ ಕೆಳಗಿಳಿದು ಹೋದವು. ಮುಚ್ಚಳ ತೆಗೆದು, ಪಿನ್ನು ಎಳೆದು, ನಟ್ಟನ್ನು ಬಿಚ್ಚಿ, ಬೇರಿಂಗ್ ಹೊರತೆಗೆದು ನೋಡಿದಳು. ಬಣ್ಣ ಇನ್ನೂ ತಿರುಗಿರಲಿಲ್ಲ. ಹೊಸ ಗ್ರೀಸ್ ತುಂಬಿ ಕೂರಿಸಿ, ಪಾನಾ ಕೆಳಗಿಟ್ಟು, ಬೆರಳಿನಿಂದ ನಟ್ಟು ತಿರುಗಿಸಿ ನಿಲ್ಲಿಸಿದಳು. ಡಬ್ಬಿಯಿಂದ ಪಿನ್ನು ತೆಗೆದು, ಚಿಕ್ಕಮ್ಮನ ಕಣ್ಣ ಮುಂದೆಯೇ ಒಂದು ಕಾಲನ್ನು ಮೇಲಕ್ಕೆ, ಒಂದನ್ನು ಸೊಂಟಕ್ಕೆ ಮಡಚಿದಳು. ಸೊಟ್ಟಗೆ, ದಪ್ಪಗೆ.

ಚಿಕ್ಕಮ್ಮ ಆ ಮಡಿಕೆಯನ್ನು ನೋಡಿದಳು. ಇವಳ ಬೆರಳುಗಳನ್ನು ನೋಡಿದಳು.

“ನೀನಾ?”

ಇವಳು ತಲೆಯಾಡಿಸಿದಳು. ಚಿಕ್ಕಮ್ಮ ನಗಲು ಹೊರಟವಳ ಹಾಗೆ ಉಸಿರೆಳೆದುಕೊಂಡಳು, ಗುಸುಕಿ ದರಿದ್ರದವಳೇ ಎಂದು ಬೈದಳು, ಬೈದು ಮುಗಿಯುವಷ್ಟರಲ್ಲಿ ಮುಖ ಖಾಲಿಯಾಯಿತು. ದೆವ್ವ ಹೋದ ಮೇಲೆ ಉಳಿದದ್ದು ಅವಳೊಬ್ಬಳೇ, ಮತ್ತು ಅವಳ ಎರಡು ಕೈ.

“ಆದ್ರೂ ಅವತ್ತು ಅಲ್ಲಾಡ್ತಿತ್ತಲ್ಲ,” ಎಂದಳು. “ಅದನ್ನ ನೀನು ಸಡಿಲ ಮಾಡಿರ್ಲಿಲ್ಲ. ನಾನು ನೋಡಿ, ಗಟ್ಟಿಯಿದೆ ಅಂದಿದ್ದೆ.” ಬಗ್ಗಿ ನೆಲದ ಮೇಲಿದ್ದ ಪಾನಾವನ್ನೂ ಇಕ್ಕಳವನ್ನೂ ಎತ್ತಿಕೊಂಡಳು. “ಸರಿ ಆಚೆ. ಇಳಿಜಾರು ಇದೆ. ಇನ್ನೊಂಚೂರು.”

ಇನ್ನೊಂಚೂರು ಬಿಗಿ ಮಾಡುತ್ತಾಳೆ. ತಾನು ಸಡಿಲಿಸಿದರೆ ಮುಂದಿನ ತಿರುವಿನಲ್ಲಿ ಮತ್ತೆ ನಿಲ್ಲಿಸಿ ಬಿಗಿ ಮಾಡುತ್ತಾಳೆ. ಬದುಕಿರುವ ತನಕ ಪ್ರತಿದಿನ ಬೆಳಿಗ್ಗೆ ಎದ್ದು ಯಾವುದಾದರೂ ಒಂದನ್ನು ಬಿಗಿ ಮಾಡುತ್ತಲೇ ಇರುತ್ತಾಳೆ. ಇದನ್ನು ಸದ್ದಿಲ್ಲದೆ ಹಿಂದಿನಿಂದ ಹೋಗಿ ಸರಿಪಡಿಸಲು ಆಗುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಪಾನಾ ಹತ್ತಿರ ಬಂದಾಗ ಅವಳು ತನ್ನ ಅಂಗೈಯನ್ನು ನಟ್ಟಿನ ಮೇಲೆ ಮುಚ್ಚಿದಳು. ಕಬ್ಬಿಣ ಇನ್ನೂ ಬೆಚ್ಚಗಿತ್ತು. ಮೊದಲನೆಯ ದಿನ ಬೆಳಕಿಗೆ ಹಿಡಿದು ನೋಡಿದ ಕಲೆಯಿಲ್ಲದ ಉರುಳೆಗಳು, ಮುರಿಯದ ಕೆಂಪು ಗೆರೆ ಕಣ್ಣ ಮುಂದೆ ಬಂದವು. ದನಿ ತನ್ನದೇ ಎನಿಸಲಿಲ್ಲ, ಆದರೂ ಹೊರಬಂತು.

“ಚಕ್ರ ಅಲ್ಲಾಡ್ತಾ ಇರ್ಲಿಲ್ಲ ಚಿಕ್ಕಮ್ಮ. ನೀನು ಸರಿಯಾಗೇ ನೋಡಿದ್ದೆ. ಚಿಕ್ಕಪ್ಪನಿಗೆ ಎದೆ ನೋಯ್ತಾ ಇತ್ತು.”